ಸ್ಟ್ರೆಸ್ ಟೆಸ್ಟ್ ಓಡುತ್ತಿರುವಾಗಲೇ ಉಳಿದ ಟೆಸ್ಟ್‌ಗಳನ್ನು ಓಡಿಸುವುದು ಹೇಗೆ?

ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ರೋಬೋಟ್ ಫ್ರೇಮ್‌ವರ್ಕ್‌ನಲ್ಲಿ ಯುಎಸ್‌ಬಿ, ನೆಟ್‌ವರ್ಕ್ ಟೆಸ್ಟ್‌ಗಳು ನಡೆಯುವಾಗ ಅದೇ ಬೋರ್ಡ್ ಮೇಲೆ ಸಿಪಿಯು, ಮೆಮೊರಿ ಸ್ಟ್ರೆಸ್ (ಬೇಕಂತಲೇ ಹಾಕುವ ಭಾರೀ ಲೋಡ್) ಕೂಡ ಇರಬೇಕು, ಅದಕ್ಕೆ ಟೆಸ್ಟ್‌ಗಳನ್ನು ಒಟ್ಟೊಟ್ಟಿಗೆ ಓಡಿಸುವ ಪಬಾಟ್ ಹಾಕಿದರೆ ಸಾಕಾ ಅಂತ ಕೇಳಿದ್ದೀರಿ. ಇಲ್ಲಿ ಪಬಾಟ್ ಬೇಡ ಅಂತಲೇ ಹೇಳುತ್ತೇನೆ. ಅದು ಇರುವುದು ಟೆಸ್ಟ್‌ಗಳನ್ನು ಹಂಚಿ ಬೇಗ ಮುಗಿಸೋಕೆ. ನಿಮಗೆ ಬೇಕಿರುವುದು ವೇಗ ಅಲ್ಲ, ಲೋಡ್ ಇದ್ದಾಗ ಬೋರ್ಡ್ ತಡೆಯುತ್ತದಾ ಅನ್ನುವ ಉತ್ತರ, ಅಲ್ವಾ?

ಹಾಗಾಗಿ ಸ್ಟ್ರೆಸ್ ಅನ್ನು ಇನ್ನೊಂದು ಟೆಸ್ಟ್ ಕೇಸ್ ಮಾಡಬೇಡಿ. ಸೂಟ್ ಸೆಟಪ್‌ನಲ್ಲಿ (ಟೆಸ್ಟ್‌ಗಳ ಗುಂಪಿಗೆ ಮೊದಲು ಓಡುವ ಭಾಗ) 'ಸ್ಟಾರ್ಟ್ ಪ್ರೋಸೆಸ್' ಕೀವರ್ಡ್‌ನಿಂದ ಲೋಡ್ ಹಾಕುವ ಪ್ರೋಗ್ರಾಂ ಸ್ಟ್ರೆಸ್-ಎನ್‌ಜಿ ಶುರು ಮಾಡಿ. ಅದು ಹಿಂದೆ ಓಡುತ್ತಿರುತ್ತದೆ, ಟೆಸ್ಟ್‌ಗಳು ಮುಂದೆ ಸಾಗುತ್ತವೆ. ಸ್ಟ್ರೆಸ್-ಎನ್‌ಜಿಯ 'ವೆರಿಫೈ' ಆಯ್ಕೆ ಮರೆಯಬೇಡಿ. ಅದಿಲ್ಲದಿದ್ದರೆ ಲೋಡ್ ಬೀಳುತ್ತದೆ ನಿಜ, ಆದರೆ ಲೆಕ್ಕ ತಪ್ಪಾದರೂ, ಮೆಮೊರಿಯಲ್ಲಿ ಬಿಟ್ ಬದಲಾದರೂ ಗೊತ್ತಾಗದೇ ಹೋಗಬಹುದು.

ಔಟ್‌ಪುಟ್ ಅನ್ನು ಫೈಲ್‌ಗೇ ಕಳಿಸಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಪೈಪ್‌ಗೆ (ಒಂದು ಪ್ರೋಗ್ರಾಂ ಬರೆದದ್ದನ್ನು ಇನ್ನೊಂದು ಓದುವ ದಾರಿ) ಬಿಟ್ಟು ಯಾರೂ ಓದದಿದ್ದರೆ, ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 64 ಕೆಬಿ ತುಂಬಿದ ಕೂಡಲೇ ಬರೆಯುವ ಪ್ರೋಗ್ರಾಂ ಅಲ್ಲೇ ನಿಂತುಬಿಡುತ್ತದೆ. ಹೆಜ್ಜೆಹೆಜ್ಜೆಗೂ ಪ್ರಿಂಟ್ ಮಾಡುವ ಮೆಮೊರಿ ಟೆಸ್ಟ್ ಆದರೆ ಇದು ಬೇಗ ಆಗುತ್ತದೆ. ಪ್ರೋಸೆಸ್ ಜೀವಂತ ಇದೆ, ಲೋಡ್ ಇಲ್ಲ, ಟೆಸ್ಟ್‌ಗಳೆಲ್ಲ ಪಾಸ್. ಇಂಥ ಪಾಸ್ ನಂಬಿ ಬೋರ್ಡ್ ಹೊರಗೆ ಕಳಿಸುವುದು ತುಂಬಾ ಅಪಾಯ.

ಪ್ರತಿ ಟೆಸ್ಟ್‌ನ ಟಿಯರ್‌ಡೌನ್‌ನಲ್ಲಿ (ಟೆಸ್ಟ್ ಮುಗಿದ ಮೇಲೆ ಓಡುವ ಭಾಗ) 'ಪ್ರೋಸೆಸ್ ಶುಡ್ ಬಿ ರನ್ನಿಂಗ್' ಹಾಕಿ. ಲೋಡ್ ಮಧ್ಯದಲ್ಲೇ ಸತ್ತಿದ್ದರೆ ಆ ಟೆಸ್ಟ್ ಫೇಲ್ ಆಗಲೇಬೇಕು. ಸ್ಟ್ರೆಸ್-ಎನ್‌ಜಿಗೆ ಟೈಮ್‌ಔಟ್ ಕೊಡಿ, ಸೂಟ್‌ಗೆ ಬೇಕಾದ ಸಮಯಕ್ಕಿಂತ ಸ್ವಲ್ಪ ಜಾಸ್ತಿ. ಕೊನೆಗೆ ಸೂಟ್ ಟಿಯರ್‌ಡೌನ್‌ನಲ್ಲಿ 'ವೇಟ್ ಫಾರ್ ಪ್ರೋಸೆಸ್' ಮಾಡಿ, ಎಕ್ಸಿಟ್ ಕೋಡ್ 0 (ತಪ್ಪಿಲ್ಲದೆ ಮುಗಿಯಿತು ಅಂತ) ಬಂತಾ ನೋಡಿ. ಸೂಟ್ ಟಿಯರ್‌ಡೌನ್ ಫೇಲ್ ಆದರೆ ರೋಬೋಟ್ ಆ ಸೂಟ್‌ನ ಎಲ್ಲ ಟೆಸ್ಟ್‌ಗಳನ್ನೂ ಫೇಲ್ ಮಾಡುತ್ತದೆ. ಮೆಮೊರಿಯೇ ತಪ್ಪಿದ ಮೇಲೆ ಅದು ಸರಿಯೇ.

ಸಾಧ್ಯವಾದರೆ ರೋಬೋಟ್ ಬೇರೆ ಕಂಪ್ಯೂಟರ್‌ನಲ್ಲಿರಲಿ, ಬೋರ್ಡ್‌ಗೆ ಎಸ್‌ಎಸ್‌ಎಚ್ (ದೂರದಿಂದಲೇ ಲಾಗಿನ್ ಆಗುವ ದಾರಿ) ಮೂಲಕ ಹೋಗಲಿ. ಒಂದೇ ಕಡೆ ಇಟ್ಟರೆ ಮೆಮೊರಿ ಖಾಲಿಯಾದಾಗ ಕರ್ನಲ್ ರೋಬೋಟ್ ಅನ್ನೇ ಕೊಲ್ಲಬಹುದು. ಬೇರೆ ದಾರಿ ಇಲ್ಲದಿದ್ದರೆ, ಯಾವ ಪ್ರೋಗ್ರಾಂ ಯಾವ ಕೋರ್ ಮೇಲೆ ಓಡಬೇಕು ಅಂತ ಹೇಳುವ 'ಟಾಸ್ಕ್‌ಸೆಟ್'ನಿಂದ ಒಂದು ಕೋರ್ ಅನ್ನು ರೋಬೋಟ್‌ಗೇ ಮೀಸಲಿಡಿ, ಮೆಮೊರಿಯನ್ನೂ ಪೂರ್ತಿ ತುಂಬಬೇಡಿ. ಎಸ್‌ಎಸ್‌ಎಚ್ ಆದರೂ ಒಂದು ತೊಡಕಿದೆ: ಈ ಕಡೆ ಪ್ರೋಸೆಸ್ ನಿಲ್ಲಿಸಿದರೂ ಬೋರ್ಡ್ ಮೇಲೆ ಸ್ಟ್ರೆಸ್ ಸುಮ್ನೆ ಓಡುತ್ತಲೇ ಇರಬಹುದು. ಆ ಟೈಮ್‌ಔಟ್ ಇಲ್ಲೂ ಕಾಪಾಡುತ್ತದೆ.

ಮೊದಲು ಲೋಡ್ ಇಲ್ಲದೆ ಸೂಟ್ ಒಮ್ಮೆ ಕ್ಲೀನಾಗಿ ಪಾಸ್ ಆಗಲಿ. ಆಮೇಲೆ ಲೋಡ್ ಜೊತೆ ಓಡಿಸುವಾಗ ತಾಪಮಾನವನ್ನೂ ಬರೆದಿಡಿ. ಲಿನಕ್ಸ್ ತಾಪಮಾನ ತೋರಿಸುವ ಥರ್ಮಲ್ ಝೋನ್ ಫೈಲ್‌ನಲ್ಲಿ 85000 ಅಂದರೆ 85 ಡಿಗ್ರಿ ಸೆಲ್ಸಿಯಸ್. ಬಿಸಿ ಏರಿ ಸಿಪಿಯು ತಾನಾಗಿ ನಿಧಾನವಾದಾಗಲೂ ನೆಟ್‌ವರ್ಕ್ ಟೆಸ್ಟ್ ಟೈಮ್‌ಔಟ್ ಆಗಬಹುದು. ಫೇಲ್ ಆದ ಸಮಯವನ್ನು ಈ ಲಾಗ್ ಪಕ್ಕ ಇಟ್ಟು ನೋಡಿ. ಬೋರ್ಡ್‌ನಲ್ಲಿ ಎಷ್ಟು ಕೋರ್, ಎಷ್ಟು ಮೆಮೊರಿ ಇದೆ ಅಂತ ತಿಳಿಸಿದರೆ ಲೋಡ್ ಎಷ್ಟಿಡಬಹುದು ಅಂತ ಹೇಳುತ್ತೇನೆ.