ಮ್ಯಾತ್ ರಾಕ್ ಆಲ್ಬಮ್ ಬಗ್ಗೆ ವಿಮರ್ಶಕರು ಜಗಳ ಆಡಿದರೆ ಯಾರ ಮಾತು ಕೇಳಬೇಕು?

ಮ್ಯಾತ್ ರಾಕ್ ಅಂದ್ರೆ ಹೆಚ್ಚಾಗಿ ಐದು, ಏಳರಂಥ ಕಷ್ಟದ ಎಣಿಕೆಗಳಲ್ಲಿ ನುಡಿಸುವ ರಾಕ್ ಸಂಗೀತ. ಅಂಥ ಒಂದು ಇಂಡೀ (ದೊಡ್ಡ ಕಂಪನಿಗಳ ಹಂಗಿಲ್ಲದ) ಬ್ಯಾಂಡಿನ ಹೊಸ ಆಲ್ಬಮ್ ಬಂದಾಗ ಒಬ್ಬ ವಿಮರ್ಶಕ ಹಾಡಿ ಹೊಗಳುತ್ತಾನೆ, ಇನ್ನೊಬ್ಬ 'ಬರೀ ಲೆಕ್ಕ, ಜೀವ ಇಲ್ಲ' ಅಂತಾನೆ, ಯಾರನ್ನು ನಂಬಲಿ ಅಂತ ಕೇಳಿದ್ದೀರಿ. ಇಬ್ಬರೂ ಲೆಕ್ಕದ ಬಗ್ಗೆಯೇ ಬರೆದಿದ್ದರೆ ಇಬ್ಬರನ್ನೂ ಬಿಟ್ಟುಬಿಡಿ.

ನಾನು ಚಿಂತಾಮಣಿಯವನು, ಸ್ವಲ್ಪ ಮೃದಂಗ ಕಲಿತವನು. ರಾಕ್ ಹಾಡುಗಳು ಜಾಸ್ತಿ ನಾಲ್ಕರ ಎಣಿಕೆಯಲ್ಲೇ ನಡೆಯುತ್ತವೆ. ಹಾಗಾಗಿ ಐದು, ಏಳು ಬಂದ ಕೂಡಲೇ ಅಲ್ಲಿ ಅದೇ ದೊಡ್ಡ ಸುದ್ದಿ. ನಮಗೆ ಐದು ಅಂದ್ರೆ ಖಂಡ ಛಾಪು ತಾಳ, ಏಳು ಅಂದ್ರೆ ಮಿಶ್ರ ಛಾಪು ತಾಳ, ಅಲ್ವಾ? ಗುರುಪೂರ್ಣಿಮೆಗೆ ಕೈವಾರದ ಸಂಗೀತೋತ್ಸವಕ್ಕೆ ಬಂದು ಕೂತು ನೋಡಿ. ತಕಿಟ ತಕದಿಮಿ ಅಂತ ಬಾಯಲ್ಲಿ ಎಣಿಸದೆಯೇ ವಯಸ್ಸಾದವರು ತೊಡೆ ಮೇಲೆ ತಾಳ ಹಾಕುತ್ತಿರುತ್ತಾರೆ. ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನದಲ್ಲಿ ಎಲ್ಲೆಲ್ಲೋ ಸುತ್ತಿದ ಮೃದಂಗ ಸರಿಯಾಗಿ ಸಮಕ್ಕೆ, ಅಂದ್ರೆ ತಾಳದ ಮೊದಲ ಪೆಟ್ಟಿಗೆ, ಬಂದು ಬಿದ್ದಾಗ ತಲೆದೂಗುತ್ತಾರೆ. ಮ್ಯಾತ್ ರಾಕ್ ಕೇಳುವಾಗ ನಾನು ಹುಡುಕುವುದೂ ಆ ಸುಖವನ್ನೇ.

ಬ್ಯಾಟಲ್ಸ್ ಬ್ಯಾಂಡಿನ 2007ರ 'ಮಿರರ್ಡ್' ತೆಗೆದುಕೊಳ್ಳಿ. ವಿಮರ್ಶಕರು ತುಂಬಾ ಮೆಚ್ಚಿದ ಆಲ್ಬಮ್ ಅದು. ಅದರಲ್ಲಿ ಎಲ್ಲರ ಬಾಯಲ್ಲೂ ಬಂದ 'ಅಟ್ಲಾಸ್' ಹಾಡಿನ ನಡೆ ಬಹಳ ಸರಳ, ಯಾರು ಬೇಕಾದರೂ ಕಾಲು ಕುಟ್ಟಬಹುದು. ಕಷ್ಟದ ಎಣಿಕೆ ಇದ್ದರೇ ಒಳ್ಳೆ ಮ್ಯಾತ್ ರಾಕ್ ಅನ್ನುವವರಿಗೆ ಉತ್ತರ ಕೊಡಲು ಇದೊಂದು ಹಾಡು ಸಾಕು.

ಹಾಗಂತ ವಿಮರ್ಶೆಯೇ ಬೇಡ ಅಂತ ನಾನು ಹೇಳುವುದಿಲ್ಲ. ಸ್ಲಿಂಟ್‌ನ 'ಸ್ಪೈಡರ್‌ಲ್ಯಾಂಡ್' 1991ರಲ್ಲಿ ಬರುವ ಹೊತ್ತಿಗೆ ಬ್ಯಾಂಡೇ ಒಡೆದುಹೋಗಿತ್ತು. ಕೇಳಿದವರು ಕಡಿಮೆ. ಆಗ 'ಮೆಲಡಿ ಮೇಕರ್' ಪತ್ರಿಕೆಯಲ್ಲಿ ಸ್ಟೀವ್ ಆಲ್ಬಿನಿ ಅದಕ್ಕೆ ಹತ್ತು ನಕ್ಷತ್ರ ಕೊಟ್ಟರು. ಇನ್ನು ಹತ್ತು ವರ್ಷಕ್ಕೆ ಇದು ಮೈಲಿಗಲ್ಲಾಗುತ್ತದೆ ಅಂತ ಬರೆದರು. ಆಯಿತು ಕೂಡ! ಅವರು ಆ ಬ್ಯಾಂಡಿನ ಮೊದಲ ಆಲ್ಬಮ್ ರೆಕಾರ್ಡ್ ಮಾಡಿದ್ದವರು, ಹತ್ತಿರದವರು ನಿಜ. ಆದರೂ ಅಷ್ಟು ಧೈರ್ಯದಿಂದ ಬರೆದ ವಿಮರ್ಶೆ ಎಂದರೆ ನನಗೆ ಪ್ರೀತಿ.

ಅಮೆರಿಕನ್ ಫುಟ್‌ಬಾಲ್ ಬ್ಯಾಂಡಿನದು ಬೇರೆ ಕಥೆ. 1999ರ ಮೊದಲ ಆಲ್ಬಮ್ ಬಂದಾಗ ಅಷ್ಟಾಗಿ ಸದ್ದಾಗಲಿಲ್ಲ, ಬ್ಯಾಂಡೂ ನಿಂತುಹೋಯಿತು. ಕೇಳುಗರು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಾ ಅದನ್ನು ಉಳಿಸಿಕೊಂಡರು. 2014ರಲ್ಲಿ ಮರುಬಿಡುಗಡೆಯಾಯಿತು. 2016ರಲ್ಲಿ ಎರಡನೆಯದು ಬಂದಾಗ ಮೊದಲನೆಯದರ ಜೊತೆ ಹೋಲಿಕೆ ಶುರುವಾಯಿತು. ಹದಿನೇಳು ವರ್ಷ ಮನಸ್ಸಲ್ಲಿ ಬೆಳೆದ ಆಲ್ಬಮ್ ಎದುರು ಒಂದು ವಾರ ಕೇಳಿದ ಆಲ್ಬಮ್ ನಿಲ್ಲಿಸುವುದು ಅನ್ಯಾಯ. ನೀವು ಓದಿದ ವಿಮರ್ಶೆಯೂ 'ಮೊದಲಿನಂತಿಲ್ಲ' ಅಂತ ಗೊಣಗುವ ಥರದ್ದಾ, ಸ್ವಲ್ಪ ನೋಡಿ.

ನಾನು ಗಂಭೀರವಾಗಿ ತೆಗೆದುಕೊಳ್ಳುವ ದೂರು ಒಂದಿದೆ. ಎರಡು ಗಿಟಾರ್ ಬಿಡದೆ ನುಡಿಯುತ್ತಿವೆ, ಡ್ರಮ್ಮರ್ ಖಾಲಿ ಸಿಕ್ಕ ಕಡೆಯೆಲ್ಲ ತುಂಬುತ್ತಿದ್ದಾನೆ, ತಗ್ಗಿನ ಸ್ವರದ ಬೇಸ್ ಗಿಟಾರ್‌ಗೆ ಉಸಿರಾಡಲು ಜಾಗವಿಲ್ಲ ಅಂತ ಯಾರಾದರೂ ಹಾಡಿನ ಹೆಸರು ಹಿಡಿದು ಬರೆದಿದ್ದರೆ ನಂಬಿ. ಆ ಹಾಡನ್ನು ಹಾಕಿ, ಬರೀ ಬೇಸ್ ಹಿಂದೆ ಕಿವಿ ಕೊಡಿ. ಅದು ಎಲ್ಲಿ ಕಳೆದುಹೋಗುತ್ತದೆ ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.