ಸಿಆರ್‌ಎಂ ಇರುವಾಗ ಬಿಐ ಏಕೆ?

ಗ್ರಾಹಕರೊಂದಿಗಿನ ವ್ಯವಹಾರವನ್ನು ದಾಖಲಿಸುವುದು ಸಿಆರ್‌ಎಂ ತಂತ್ರಾಂಶ. ಕಂಪನಿಯ ಅಂಕಿಅಂಶಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸುವುದು ಬಿಐ ತಂತ್ರಾಂಶ. ಇವೆರಡರ ಗೊಂದಲ ಹೊತ್ತು ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ನಮ್ಮ ಕಂಪನಿಯಲ್ಲಿ ಸಿಆರ್‌ಎಂ ಚೆನ್ನಾಗಿಯೇ ನಡೆಯುತ್ತಿದೆ. ವರದಿ, ಡ್ಯಾಶ್‌ಬೋರ್ಡ್ ಎಲ್ಲವೂ ಅದರಲ್ಲಿ ಸಿಗುತ್ತವೆ. ಈಗ ಬಿಐ ಮಾರುವವರು ಬಂದು, ಇದು ಸಾಲದು ಎನ್ನುತ್ತಿದ್ದಾರೆ. ನಿಜವಾಗಿಯೂ ಬೇಕೆ, ಅಥವಾ ಖರ್ಚಿಗೆ ಇನ್ನೊಂದು ದಾರಿಯೆ?

ಉತ್ತರ: ಬೇಕಾಗಬಹುದು, ಬೇಡವಾಗಲೂಬಹುದು. ಮಾರಲು ಬಂದವರು ತೋರಿಸುವ ಬಣ್ಣದ ಚಾರ್ಟುಗಳನ್ನು ನೋಡಿ ಮಾತ್ರ ಅದನ್ನು ನಿರ್ಧರಿಸಬೇಡಿ. ಅಂಥ ಚಾರ್ಟುಗಳನ್ನು ನಿಮ್ಮ ಸಿಆರ್‌ಎಂ ಕೂಡ ಬರೆದುಕೊಡುತ್ತದೆ.

ಸಿಆರ್‌ಎಂ ಇರುವುದು ಬರೆಯುವವರಿಗಾಗಿ. ಮಾರಾಟದವರು ಒಬ್ಬ ಗ್ರಾಹಕರಿಗೆ ಕರೆ ಮಾಡುತ್ತಾರೆ, ಮಾತನಾಡಿದ್ದನ್ನು ದಾಖಲಿಸುತ್ತಾರೆ, ಮುಂದಿನ ಫಾಲೋಅಪ್ ದಿನವನ್ನು ಗುರುತು ಹಾಕುತ್ತಾರೆ, ಡೀಲನ್ನು ಕೊಟೇಶನ್ ಹಂತದಿಂದ ಮಾತುಕತೆಯ ಹಂತಕ್ಕೆ ಸರಿಸುತ್ತಾರೆ. ಒಂದು ಹೊತ್ತಿಗೆ ಒಂದು ದಾಖಲೆ, ಅದೂ ತಕ್ಷಣ ತೆರೆಯಬೇಕು, ತಕ್ಷಣ ಉಳಿಯಬೇಕು. ಬಿಐ ಇರುವುದು ಓದುವವರಿಗಾಗಿ. ಸಿಆರ್‌ಎಂ, ಲೆಕ್ಕಪತ್ರ, ದಾಸ್ತಾನು, ದೂರು ವಿಭಾಗ ಹೀಗೆ ನಾಲ್ಕಾರು ಕಡೆಯಿಂದ ಬಂದ ಲಕ್ಷಾಂತರ ಸಾಲುಗಳನ್ನು ಕೂಡಿಸಿ, ಭಾಗಿಸಿ, ಹೋಲಿಸಿ ತೋರಿಸುವುದು ಅದರ ಕೆಲಸ. ಆದ್ದರಿಂದ ಒಳಗಿನ ಕಟ್ಟೋಣವೂ ಬೇರೆ. ಸಿಆರ್‌ಎಂ ಒಬ್ಬ ಗ್ರಾಹಕರ ವಿವರಗಳನ್ನೆಲ್ಲ ಒಂದು ಸಾಲಿನಲ್ಲಿ ಒಟ್ಟಿಗೆ ಇಡುತ್ತದೆ. ಬಿಐ ಬಳಸುವ ಸಂಗ್ರಹಗಳಲ್ಲಿ ಬಹುಪಾಲು ಎಲ್ಲ ಮೊತ್ತಗಳನ್ನು ಒಂದು ಕಡೆ, ಎಲ್ಲ ದಿನಾಂಕಗಳನ್ನು ಇನ್ನೊಂದು ಕಡೆ ಇಡುತ್ತವೆ. ಮೊತ್ತ ಕೂಡಿಸುವಾಗ ಫೋನ್ ಸಂಖ್ಯೆ, ವಿಳಾಸಗಳನ್ನು ಮುಟ್ಟುವ ಅಗತ್ಯವೇ ಬೀಳದ ಕಾರಣ ಲೆಕ್ಕ ಬೇಗ ಮುಗಿಯುತ್ತದೆ.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ವ್ಯತ್ಯಾಸವೆಂದರೆ ಸಿಆರ್‌ಎಂನ ಮರೆವು. ಒಂದು ಡೀಲ್ ಜೂನ್ 30ಕ್ಕೆ ಮುಗಿಯುತ್ತದೆ ಎಂದು ಏಪ್ರಿಲ್‌ನಲ್ಲಿ ಬರೆದಿಟ್ಟರು ಎನ್ನೋಣ. ಜೂನ್ 28ರಂದು ಆ ದಿನಾಂಕವನ್ನು ಸೆಪ್ಟೆಂಬರ್ 30 ಎಂದು ತಿದ್ದಿದರು. ಸೆಪ್ಟೆಂಬರ್ 29ರಂದು ಮತ್ತೆ ಡಿಸೆಂಬರ್ 31 ಎಂದು ತಿದ್ದಿದರು. ಡಿಸೆಂಬರ್‌ನಲ್ಲಿ ನೀವು ಪೈಪ್‌ಲೈನ್ ವರದಿ (ಮುಗಿಯದ ಡೀಲ್‌ಗಳ ಪಟ್ಟಿ) ತೆಗೆದರೆ ಆ ಡೀಲ್ ಏನೂ ಆಗಿಲ್ಲವೆಂಬಂತೆ ಈ ತಿಂಗಳು ಮುಗಿಯಬೇಕಾದವುಗಳ ಪಟ್ಟಿಯಲ್ಲಿ ಕುಳಿತಿರುತ್ತದೆ. ಎರಡು ಬಾರಿ ಮುಂದಕ್ಕೆ ಹೋದ ಡೀಲಿಗೂ ಮೊನ್ನೆ ತಾನೇ ಬಂದ ಡೀಲಿಗೂ ಆ ಪರದೆಯ ಮೇಲೆ ಯಾವ ಭೇದವೂ ಇಲ್ಲ. ಬದಲಾವಣೆಯ ಇತಿಹಾಸ ಉಳಿಸುವ ಸೌಲಭ್ಯ ಹಲವು ಸಿಆರ್‌ಎಂಗಳಲ್ಲಿ ಇದೆ, ನಿಜ. ಆದರೆ ಯಾವ ಅಂಕಣದ ಇತಿಹಾಸ ಬೇಕು ಎಂದು ಸಾಮಾನ್ಯವಾಗಿ ಮೊದಲೇ ಆರಿಸಿರಬೇಕು. ಆರಿಸಿದ್ದರೂ ಅದು ಹೆಚ್ಚಾಗಿ ಒಂದೊಂದು ದಾಖಲೆಯನ್ನು ತೆರೆದು ನೋಡಲು ಒದಗುತ್ತದೆಯೇ ಹೊರತು ಎಲ್ಲ ಡೀಲ್‌ಗಳನ್ನು ಒಟ್ಟಾಗಿ ಲೆಕ್ಕ ಹಾಕಲು ಸುಲಭವಾಗಿ ಒಗ್ಗುವುದಿಲ್ಲ.

ಬಿಐ ವ್ಯವಸ್ಥೆಯನ್ನು ಸರಿಯಾಗಿ ಕಟ್ಟಿದರೆ ಪ್ರತಿ ರಾತ್ರಿ ಅಥವಾ ಪ್ರತಿ ವಾರ ಸಿಆರ್‌ಎಂ ಸ್ಥಿತಿಯ ನಕಲೊಂದು ದಿನಾಂಕ ಸಮೇತ ಡೇಟಾ ವೇರ್‌ಹೌಸ್, ಅಂದರೆ ವಿಶ್ಲೇಷಣೆಗೆಂದೇ ಇರುವ ದತ್ತಾಂಶ ಸಂಗ್ರಹವನ್ನು ಸೇರುತ್ತದೆ. ಆಗ ‘ಏಪ್ರಿಲ್ ಮೊದಲ ದಿನ ಎಷ್ಟು ನಿರೀಕ್ಷಿಸಿದ್ದೆವು, ಜೂನ್ ಕೊನೆಗೆ ಎಷ್ಟು ಬಂತು, ಯಾರ ಅಂದಾಜು ಎಷ್ಟು ತಪ್ಪಿತು’ ಎಂದು ಕೇಳಬಹುದು. ‘ಮೂರಕ್ಕಿಂತ ಹೆಚ್ಚು ದೂರು ಕೊಟ್ಟ ಗ್ರಾಹಕರು ಮರುವರ್ಷ ಕರಾರು ನವೀಕರಿಸಿದ್ದಾರೆಯೇ’ ಎಂಬಂಥ, ಎರಡು ಮೂರು ವಿಭಾಗಗಳನ್ನು ದಾಟುವ ಪ್ರಶ್ನೆಗೂ ಅಲ್ಲಿಯೇ ಉತ್ತರ ಸಿಗುತ್ತದೆ.

ಹಾಗಾದರೆ ನಿಮಗೆ ಬೇಕೆ? ಕಳೆದ ಕೆಲವು ಆಡಳಿತ ಸಭೆಗಳಲ್ಲಿ ಬಂದ ಪ್ರಶ್ನೆಗಳನ್ನು ಬರೆದುಕೊಳ್ಳಿ. ಅವುಗಳಲ್ಲಿ ಯಾವುದಕ್ಕೆ ಉತ್ತರ ಹುಡುಕಲು ಯಾರಾದರೂ ಎರಡು ಮೂರು ಕಡೆಯಿಂದ ಎಕ್ಸೆಲ್‌ಗೆ ಇಳಿಸಿಕೊಂಡು ರಾತ್ರಿಯೆಲ್ಲ ಕೂರಬೇಕಾಯಿತು ಎಂದು ಗುರುತಿಸಿ. ಅಂಥವು ಒಂದೋ ಎರಡೋ ಇದ್ದರೆ ಎಕ್ಸೆಲ್ ಸಾಕು. ಪ್ರತಿ ತಿಂಗಳೂ ಅದೇ ಗೋಳಾದರೆ ಬಿಐ ಕಡೆಗೆ ನೋಡಿ. ಅಲ್ಲಿಯ ತನಕ ಖರ್ಚಿಲ್ಲದ ಒಂದು ಕೆಲಸ ಮಾಡಬಹುದು: ಪ್ರತಿ ಸೋಮವಾರ ಮುಗಿಯದ ಡೀಲ್‌ಗಳ ಪಟ್ಟಿಯನ್ನು ಇಳಿಸಿಕೊಂಡು, ಕಡತದ ಹೆಸರಿನಲ್ಲಿ ದಿನಾಂಕ ಬರೆದು ಇಡಿ. ಮುಂದೆ ಬಿಐ ಬಂದಾಗ ಅದಕ್ಕೆ ತುಂಬಲು ಹಳೆಯ ದಾಖಲೆ ಕೈಯಲ್ಲಿರುತ್ತದೆ. ಇಂದು ಇಡದ ನಕಲನ್ನು ನಾಳೆ ಯಾವ ತಂತ್ರಾಂಶವೂ ತಂದುಕೊಡುವುದಿಲ್ಲ.

ಪ್ರಶ್ನೆ: ಕಳೆದ ತ್ರೈಮಾಸಿಕದಲ್ಲಿ 212 ಡೀಲ್ ಗೆದ್ದಿದ್ದೇವೆ ಎಂದು ಸಿಆರ್‌ಎಂ ಹೇಳುತ್ತದೆ, 247 ಎಂದು ಬಿಐ ಹೇಳುತ್ತದೆ, 198 ಎಂದು ಲೆಕ್ಕಪತ್ರ ವಿಭಾಗದವರು ಹೇಳುತ್ತಾರೆ. ಯಾರನ್ನು ನಂಬಬೇಕು?

ಉತ್ತರ: 212 ಮತ್ತು 198, ಎರಡೂ ಸರಿ ಇರಬಹುದು. ನನಗೆ ಅನುಮಾನ ಇರುವುದು 247ರ ಮೇಲೆ.

ನಿಮ್ಮಲ್ಲಿ ಕೆಲವು ಡೀಲ್‌ಗಳಿಗೆ ಕಂತಿನಲ್ಲಿ ಇನ್‌ವಾಯ್ಸ್ ಹೋಗುತ್ತದೆಯೇ ನೋಡಿ. ಒಂದು ಡೀಲಿಗೆ ಮೂರು ಇನ್‌ವಾಯ್ಸ್ ಇದ್ದು, ಬಿಐಯಲ್ಲಿ ಡೀಲ್ ಪಟ್ಟಿಗೆ ಇನ್‌ವಾಯ್ಸ್ ಪಟ್ಟಿಯನ್ನು ನೇರವಾಗಿ ಜೋಡಿಸಿದರೆ ಆ ಡೀಲ್ ಮೂರು ಸಾಲುಗಳಾಗಿ ಬರುತ್ತದೆ. ಸಾಲುಗಳನ್ನು ಎಣಿಸಿದರೆ ಒಂದು ಡೀಲ್ ಮೂರಾಗುತ್ತದೆ. ಡೀಲಿನ ಮೊತ್ತವನ್ನು ಕೂಡಿಸಿದರೆ ಅದೂ ಮೂರು ಪಟ್ಟಾಗುತ್ತದೆ. ತಂತ್ರಾಂಶ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ, ಏಕೆಂದರೆ ಅದಕ್ಕೆ ಹೇಳಿದ್ದನ್ನು ಅದು ಸರಿಯಾಗಿಯೇ ಮಾಡಿದೆ. ಪರೀಕ್ಷೆ ಸುಲಭ. ಬಿಐ ವರದಿಯಲ್ಲಿ ಡೀಲಿನ ಗುರುತಿನ ಸಂಖ್ಯೆಯ ಅಂಕಣ ಹಾಕಿ, ಒಂದಕ್ಕಿಂತ ಹೆಚ್ಚು ಸಲ ಬಂದಿರುವ ಸಂಖ್ಯೆಗಳನ್ನು ಹುಡುಕಿ. ಹೆಚ್ಚಿಗೆ ಬಂದ 35 ಅಲ್ಲಿಯೇ ಸಿಕ್ಕಿಬೀಳುತ್ತವೆ ಎಂದು ನನ್ನ ಊಹೆ. ಪರಿಹಾರವೂ ಅಷ್ಟೇ ನೇರ: ಎಣಿಸುವಾಗ ಬೇರೆ ಬೇರೆ ಗುರುತಿನ ಸಂಖ್ಯೆಗಳನ್ನಷ್ಟೇ ಎಣಿಸಬೇಕು, ಇನ್‌ವಾಯ್ಸ್‌ಗಳನ್ನು ಡೀಲ್‌ವಾರು ಮೊದಲು ಕೂಡಿಸಿ ಆಮೇಲೆ ಜೋಡಿಸಬೇಕು.

ಇನ್ನು 212 ಮತ್ತು 198. ಮಾರಾಟದವರಿಗೆ ಗ್ರಾಹಕರು ಒಪ್ಪಿಗೆ ಕೊಟ್ಟ ದಿನವೇ ಡೀಲ್ ಗೆದ್ದ ದಿನ. ಲೆಕ್ಕಪತ್ರದವರಿಗೆ ಇನ್‌ವಾಯ್ಸ್ ಹೋದ ದಿನವೇ ದಿನ. ಕೊನೆಯ ವಾರ ಗೆದ್ದವು ಅವರ ಲೆಕ್ಕದಲ್ಲಿ ಮುಂದಿನ ತ್ರೈಮಾಸಿಕಕ್ಕೆ ಹೋಗುತ್ತವೆ. ಬಿಐ ಅಂಕಿ ಬೇರೆಯಾಗಲು ಇನ್ನೊಂದು ಸಣ್ಣ ಕಾರಣವೂ ಇದೆ, ಸಾಮಾನ್ಯವಾಗಿ ಯಾರೂ ಅತ್ತ ನೋಡುವುದಿಲ್ಲ. ಕ್ಲೌಡ್ ತಂತ್ರಾಂಶಗಳು ವೇಳೆಯನ್ನು ಬಹುಪಾಲು ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ವೇಳೆಯಲ್ಲಿ) ಉಳಿಸಿ, ಪರದೆಯ ಮೇಲೆ ನಿಮ್ಮ ಸ್ಥಳೀಯ ವೇಳೆಗೆ ಬದಲಿಸಿ ತೋರಿಸುತ್ತವೆ. ಬಿಐ ಆ ಮೂಲ ವೇಳೆಯನ್ನೇ ಎತ್ತಿಕೊಂಡರೆ ತಿಂಗಳ ಗಡಿಯಲ್ಲಿ ಗೆದ್ದ ಡೀಲ್ ಪಕ್ಕದ ತಿಂಗಳಿಗೆ ಜಾರಬಹುದು.

ಸಂಬಂಧಪಟ್ಟ ಮೂರೂ ವಿಭಾಗದವರು ಕುಳಿತು ‘ಗೆದ್ದ ಡೀಲ್’ ಎಂದರೇನು, ಯಾವ ದಿನಾಂಕದ ಲೆಕ್ಕ, ರದ್ದಾದದ್ದನ್ನು ಯಾವಾಗ ಕಳೆಯಬೇಕು ಎಂದು ಒಂದು ಪುಟದಲ್ಲಿ ಬರೆದು ಸಹಿ ಹಾಕಿ. ಬಿಐ ಅಳವಡಿಕೆಯಲ್ಲಿ ಜಗಳ ಹೆಚ್ಚು ನಡೆಯುವುದು ಈ ಪುಟದ ಮೇಲೆ. ಆ ಜಗಳವನ್ನು ತಂತ್ರಾಂಶ ಕೊಳ್ಳುವ ಮೊದಲೇ ಮುಗಿಸಿಕೊಂಡರೆ ಅಗ್ಗ.

ಪ್ರಶ್ನೆ: ಚಿಕ್ಕ ಕಂಪನಿ. ಎರಡರಲ್ಲಿ ಒಂದನ್ನು ಕೊಳ್ಳುವಷ್ಟೇ ಹಣವಿದೆ.

ಉತ್ತರ: ಮಾರಾಟಕ್ಕೆ ಮೊದಲು ನಿಮ್ಮವರು ಗ್ರಾಹಕರೊಂದಿಗೆ ಮಾತುಕತೆ ನಡೆಸಬೇಕಾಗುತ್ತದೆ ಎಂದಾದರೆ ಸಿಆರ್‌ಎಂ. ಬರೆದಿಟ್ಟದ್ದೇ ಇಲ್ಲದಿದ್ದರೆ ಬಿಐ ಏನನ್ನು ಓದಬೇಕು? ಗ್ರಾಹಕರು ತಾವಾಗಿಯೇ ಬಂದು ಕೊಂಡು ಹೋಗುವ ವ್ಯಾಪಾರವಾದರೆ, ಆನ್‌ಲೈನ್ ಅಂಗಡಿಯೋ ಚಂದಾದಾರರಿರುವ ಆ್ಯಪೋ ಆಗಿದ್ದರೆ, ಬೆನ್ನು ಹತ್ತಲು ಡೀಲ್‌ಗಳೇ ಇರುವುದಿಲ್ಲ. ಆದರೆ ಮಾರಾಟದ ದಾಖಲೆ ದಿನವೂ ತಾನಾಗಿ ರಾಶಿ ಬೀಳುತ್ತಿರುತ್ತದೆ. ಅಲ್ಲಿ ಬಿಐ ಮೊದಲು ಬರಲಿ. ಮೆಟಾಬೇಸ್, ಅಪಾಚೆ ಸೂಪರ್‌ಸೆಟ್‌ನಂಥ ಮುಕ್ತ ತಂತ್ರಾಂಶಗಳಿಗೆ ಲೈಸೆನ್ಸ್ ಶುಲ್ಕ ಕೊಡದೆಯೇ ಆರಂಭಿಸಬಹುದು. ಅವನ್ನು ನಡೆಸಬಲ್ಲ ಒಬ್ಬರು ಮಾತ್ರ ನಿಮ್ಮಲ್ಲಿ ಇರಬೇಕು, ಆ ಸಂಬಳವನ್ನು ಲೆಕ್ಕದಿಂದ ಬಿಡಬೇಡಿ.

ಪ್ರಶ್ನೆ: ಮಾರಾಟದವರು ಸಿಆರ್‌ಎಂನಲ್ಲಿ ಸರಿಯಾಗಿ ಏನನ್ನೂ ತುಂಬುವುದಿಲ್ಲ. ಬಿಐ ಡ್ಯಾಶ್‌ಬೋರ್ಡನ್ನು ಕಚೇರಿಯ ದೊಡ್ಡ ಪರದೆಯ ಮೇಲೆ ಹಾಕಿದರೆ ನಾಚಿಕೆಗಾದರೂ ತುಂಬುತ್ತಾರೆ ಎಂದು ನಮ್ಮ ನಿರ್ದೇಶಕರು ಹೇಳುತ್ತಾರೆ. ನಿಮ್ಮ ಅಭಿಪ್ರಾಯ?

ಉತ್ತರ: ತುಂಬುತ್ತಾರೆ. ಏನು ತುಂಬುತ್ತಾರೆ ಎಂಬುದಕ್ಕೆ ಮಾತ್ರ ಯಾರೂ ಹೊಣೆಯಲ್ಲ.

ಡೀಲ್ ಕಳೆದುಕೊಂಡಾಗ ಕಾರಣ ಕೇಳುವ ಪಟ್ಟಿಯೊಂದು ಹಲವು ಸಿಆರ್‌ಎಂಗಳಲ್ಲಿ ಇರುತ್ತದೆ. ನಿಮ್ಮಲ್ಲಿ ಆ ಪಟ್ಟಿಯ ಮೊದಲ ಆಯ್ಕೆ ಏನಿದೆ ನೋಡಿ. ‘ಬೆಲೆ ಹೆಚ್ಚು’ ಎಂದಿದ್ದರೆ ನಿಮ್ಮ ವರದಿಯಲ್ಲಿ ಬೆಲೆಯಿಂದಲೇ ಹೆಚ್ಚು ಡೀಲ್ ತಪ್ಪುತ್ತಿರುವಂತೆ ಕಾಣುವ ಸಾಧ್ಯತೆ ದಟ್ಟವಾಗಿದೆ. ಸಂಜೆ ಮನೆಗೆ ಹೊರಡುವ ಹೊತ್ತಿನಲ್ಲಿ ಪಟ್ಟಿಯನ್ನು ಕೆಳಗಿನವರೆಗೆ ಓದುವ ತಾಳ್ಮೆ ಯಾರಿಗಿದೆ? ಇದೇ ಅಂಕಿ ಬಿಐಗೆ ಹೋಗಿ ಚೆಂದದ ಚಾರ್ಟ್ ಆಗಿ ಹೊರಬರುತ್ತದೆ, ಅದನ್ನು ನೋಡಿ ಆಡಳಿತ ಮಂಡಳಿ ಬೆಲೆ ಇಳಿಸಲು ಹೊರಡುತ್ತದೆ. ಸಿಆರ್‌ಎಂನ ಕಸ ಬಿಐಯಲ್ಲಿ ಕಸವಾಗಿ ಕಾಣುವುದಿಲ್ಲ, ಅಪಾಯ ಇರುವುದು ಇಲ್ಲೇ.

ನಾಚಿಕೆಪಡಿಸುವ ಬದಲು ತುಂಬುವ ಕೆಲಸವನ್ನೇ ಕಡಿಮೆ ಮಾಡಿ. ಕಡ್ಡಾಯ ಅಂಕಣಗಳ ಪಟ್ಟಿ ತೆಗೆದು, ಕಳೆದ ಆರು ತಿಂಗಳಲ್ಲಿ ಯಾವ ವರದಿಯಲ್ಲೂ ಬಳಕೆಯಾಗದ ಅಂಕಣಗಳನ್ನು ಅಳಿಸಿ. ಇಮೇಲ್ ಮತ್ತು ಕರೆಗಳು ತಾವಾಗಿ ದಾಖಲಾಗುವ ವ್ಯವಸ್ಥೆ ಈಗ ಹೆಚ್ಚಿನ ಸಿಆರ್‌ಎಂಗಳಲ್ಲಿ ಇದೆ, ಅದನ್ನು ಹಚ್ಚಿ. ಕಾರಣಗಳ ಪಟ್ಟಿಯನ್ನು ಐದಾರಕ್ಕೆ ಇಳಿಸಿ, ಒಂದು ಸಾಲಿನ ವಿವರಣೆಗೆ ಜಾಗ ಬಿಡಿ. ಎಲ್ಲಕ್ಕಿಂತ ಮುಖ್ಯವಾಗಿ, ನಿರ್ದೇಶಕರು ವಾರದ ಸಭೆಯನ್ನು ಸಿಆರ್‌ಎಂ ಪರದೆಯನ್ನೇ ತೆರೆದಿಟ್ಟುಕೊಂಡು ನಡೆಸಲಿ. ಸಭೆಗೆ ಬೇರೆ ಎಕ್ಸೆಲ್ ತರಲು ಹೇಳುತ್ತಿರುವವರು ಅವರೇ ಆಗಿದ್ದರೆ, ಸಿಬ್ಬಂದಿ ಯಾವುದನ್ನು ತುಂಬುತ್ತಾರೆ ಎಂದು ಬೇರೆ ಹೇಳಬೇಕಿಲ್ಲ.

ಪ್ರಶ್ನೆ: ಎರಡನ್ನೂ ಒಂದೇ ಕಂಪನಿಯಿಂದ ಕೊಂಡರೆ ಅನುಕೂಲವಲ್ಲವೆ?

ಉತ್ತರ: ಮಾರುವವರ ಆಸೆಯೂ ಅದೇ. ಸಿಆರ್‌ಎಂ ಮಾರುವ ಸೇಲ್ಸ್‌ಫೋರ್ಸ್ 2019ರಲ್ಲಿ ಸುಮಾರು 1,570 ಕೋಟಿ ಡಾಲರಿಗೆ ಬಿಐ ಕಂಪನಿ ಟ್ಯಾಬ್ಲೋವನ್ನು ಕೊಂಡಿತು. ಮೈಕ್ರೋಸಾಫ್ಟ್ ಬಳಿ ಸಿಆರ್‌ಎಂಗೆ ಡೈನಮಿಕ್ಸ್ ಇದೆ, 2015ರಿಂದ ಪವರ್ ಬಿಐ ಇದೆ. ಝೋಹೊ ಬಳಿ ಝೋಹೊ ಸಿಆರ್‌ಎಂ ಇದೆ, ಝೋಹೊ ಅನಲಿಟಿಕ್ಸ್ ಕೂಡ ಇದೆ. ಇದು ಹೊಸ ಚಾಳಿಯೂ ಅಲ್ಲ. 2007ರ ಒಂದೇ ವರ್ಷದಲ್ಲಿ ಒರಾಕಲ್ ಹೈಪೀರಿಯನ್ನನ್ನು, ಎಸ್‌ಎಪಿ ಬಿಸಿನೆಸ್ ಆಬ್ಜೆಕ್ಟ್ಸನ್ನು, ಐಬಿಎಂ ಕಾಗ್ನೋಸನ್ನು, ಹೀಗೆ ಮೂರು ಬಿಐ ಕಂಪನಿಗಳನ್ನು ಕೊಳ್ಳುವುದಾಗಿ ಘೋಷಿಸಿದ್ದವು.

ಒಂದೇ ಮನೆಯ ಸರಕಾದರೆ ಜೋಡಣೆ ಸುಲಭ, ಸುಳ್ಳಲ್ಲ. ಆದರೆ ಆ ಸುಲಭ ಸಿಆರ್‌ಎಂನಿಂದ ಬರುವ ಅರ್ಧಕ್ಕೆ ಮಾತ್ರ. ಲೆಕ್ಕಪತ್ರ, ದಾಸ್ತಾನು, ದೂರುಗಳು ಬೇರೆಯವರ ತಂತ್ರಾಂಶದಲ್ಲಿದ್ದರೆ ಕಷ್ಟದ ಅರ್ಧ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಡೆಮೊ ನೋಡುವಾಗ ಅವರ ಮಾದರಿ ಅಂಕಿಗಳನ್ನು ಒಪ್ಪಬೇಡಿ. ನಿಮ್ಮ ಲೆಕ್ಕಪತ್ರದ ನಿಜವಾದ ಕಡತವೊಂದನ್ನು, ಹೆಸರುಗಳನ್ನು ಮರೆಮಾಡಿ ಕೊಟ್ಟು, ಅದನ್ನು ಎದುರಿಗೇ ಜೋಡಿಸಿ ತೋರಿಸಲು ಹೇಳಿ.

ಇನ್ನೊಂದು ವಿಷಯವನ್ನು ಗಟ್ಟಿಯಾಗಿ ಕೇಳಲೇಬೇಕು: ಅನುಮತಿಗಳು. ಸಿಆರ್‌ಎಂನಲ್ಲಿ ಯಾರು ಯಾರ ಗ್ರಾಹಕರನ್ನು ನೋಡಬಹುದು ಎಂಬ ಕಟ್ಟುಪಾಡು ನಿಮ್ಮಲ್ಲಿ ಇರುತ್ತದೆ. ಬಿಐ ಸಾಮಾನ್ಯವಾಗಿ ಎಲ್ಲ ಅಧಿಕಾರವೂ ಇರುವ ಒಂದು ಖಾತೆಯಿಂದ ದತ್ತಾಂಶವನ್ನು ಎಳೆದುಕೊಳ್ಳುತ್ತದೆ. ಹಾಗೆ ಬಂದಾಗ ಆ ಕಟ್ಟುಪಾಡುಗಳು ಜೊತೆಗೆ ಬರುವುದಿಲ್ಲ. ಯಾರಿಗೆ ಯಾವ ಸಾಲು ಕಾಣಬೇಕು ಎಂಬುದನ್ನು ಬಿಐಯಲ್ಲಿ ಹೊಸದಾಗಿ ಬರೆಯಬೇಕು. ಇದನ್ನು ಮರೆತರೆ ಮೊನ್ನೆ ಸೇರಿದ ತರಬೇತಿಯವರೂ ಎಲ್ಲ ಗ್ರಾಹಕರ ಫೋನ್ ಸಂಖ್ಯೆಗಳನ್ನು ಇಳಿಸಿಕೊಂಡು ಹೋಗಬಹುದು. ಸಾರಾಂಶ ತೋರಿಸುವ ಡ್ಯಾಶ್‌ಬೋರ್ಡಿಗೆ ಹೆಸರು, ಫೋನ್ ಸಂಖ್ಯೆಗಳ ಅಗತ್ಯವೇ ಇಲ್ಲ. ಅವನ್ನು ಬಿಐಗೆ ತರದೆ ಇರುವುದೇ ಮೇಲು.

ಪ್ರಶ್ನೆ: ಬಿಐ ವರದಿಯಲ್ಲಿ ತಪ್ಪು ಕಂಡರೆ ಅಲ್ಲಿಯೇ ತಿದ್ದಬಹುದೆ?

ಉತ್ತರ: ತಿದ್ದಬೇಡಿ. ಕೆಲವು ಬಿಐಗಳಲ್ಲಿ ಅದಕ್ಕೂ ದಾರಿಗಳಿವೆ, ಆದರೆ ತಪ್ಪು ಹುಟ್ಟಿದ ಕಡೆ, ಅಂದರೆ ಸಿಆರ್‌ಎಂನಲ್ಲಿ ತಿದ್ದಿ, ಮುಂದಿನ ಬಾರಿ ದತ್ತಾಂಶ ಬರುವವರೆಗೆ ಕಾಯಿರಿ. ಪವರ್ ಬಿಐ ಪ್ರೊ ಲೈಸೆನ್ಸ್‌ನಲ್ಲಿ ನಿಗದಿತ ರಿಫ್ರೆಶ್ ದಿನಕ್ಕೆ 8 ಬಾರಿ ನಡೆಯಬಲ್ಲದು, ಮಾರಾಟದ ವರದಿಗೆ ಅದು ಬೇಕಾದಷ್ಟಾಯಿತು. ಬಿಐಯಲ್ಲಿ ಸಿಕ್ಕ ಫಲಿತಾಂಶವನ್ನು ಸಿಆರ್‌ಎಂಗೆ ಮರಳಿ ಕಳುಹಿಸುವುದು ಮಾತ್ರ ಒಳ್ಳೆಯ ಅಭ್ಯಾಸ. ಕರಾರು ನವೀಕರಿಸದೆ ಹೋಗಬಹುದಾದ ಗ್ರಾಹಕರನ್ನು ಬಿಐ ಗುರುತಿಸಿತು ಎನ್ನಿ. ಆ ಗುರುತು ಸಿಆರ್‌ಎಂನಲ್ಲಿ ಗ್ರಾಹಕರ ಹೆಸರಿನ ಪಕ್ಕದಲ್ಲೇ ಕಾಣಬೇಕು, ಏಕೆಂದರೆ ಫೋನ್ ಎತ್ತುವವರು ನೋಡುತ್ತಿರುವುದು ಆ ಪರದೆಯನ್ನು.