ಗ್ರಾಮೀಣ ಪಿಎಂ ಆವಾಸ್ ಯೋಜನೆಯ ಮನೆಗಳು ನಮ್ಮ ಪಂಚಾಯಿತಿಗೆ ಹೇಗೆ ಹಂಚಿಕೆಯಾಗುತ್ತವೆ?

ಪಂಚಾಯಿತಿಗೆ ಬರುವುದು ದುಡ್ಡಲ್ಲ, ‘ಗುರಿ’. ಅಂದರೆ ಈ ಸಲ ಇಷ್ಟು ಮನೆ ಎಂಬ ಸಂಖ್ಯೆ. ಅದು ಕೇಂದ್ರದಿಂದ ರಾಜ್ಯಕ್ಕೆ, ಅಲ್ಲಿಂದ ಜಿಲ್ಲೆಗೆ, ಕೊನೆಗೆ ಪಂಚಾಯಿತಿಗೆ ಇಳಿಯುತ್ತದೆ. ಯಾರಿಗೆ ಮೊದಲು ಎಂಬುದು ಗ್ರಾಮಸಭೆ ಪರಿಶೀಲಿಸಿದ, ಅರ್ಹರ ಕಾಯಂ ಪಟ್ಟಿಯ ಸರದಿಯಂತೆ. ಗುರಿ ಚಿಕ್ಕದು, ಪಟ್ಟಿ ಉದ್ದ, ಹಾಗಾಗಿ ಅರ್ಹರೂ ವರ್ಷಗಟ್ಟಲೆ ಕಾಯುತ್ತಾರೆ. ಅರ್ಹರು ಸಿಗುವಷ್ಟರ ಮಟ್ಟಿಗೆ ಗುರಿಯ ಶೇ. 60 ಪರಿಶಿಷ್ಟ ಜಾತಿ, ಪಂಗಡಗಳಿಗೆ ಮೀಸಲು.

ಗುಡ್ಡಗಾಡಲ್ಲದ ಬಯಲು ಪ್ರದೇಶದ ಮನೆಗೆ ನೆರವು ₹1.20 ಲಕ್ಷ. ಕರ್ನಾಟಕದಲ್ಲಿ ಇದರಲ್ಲಿ ಕೇಂದ್ರದ್ದು ₹72,000, ರಾಜ್ಯದ್ದು ₹48,000. ಹಣ ಕಂತುಗಳಲ್ಲಿ ನೇರ ಫಲಾನುಭವಿಯ ಖಾತೆಗೆ ಬರುತ್ತದೆ. ಎಡವುವುದು ಸಾಮಾನ್ಯವಾಗಿ ಇಲ್ಲೇ: ಕಟ್ಟಡದ ಹಂತದ ಫೋಟೊ ಜಿಪಿಎಸ್ ಗುರುತಿನೊಂದಿಗೆ ದಾಖಲಾಗದಿದ್ದರೆ, ಗೋಡೆ ಎದ್ದಿದ್ದರೂ ಮುಂದಿನ ಕಂತು ನಿಲ್ಲುತ್ತದೆ.